ಒಂದು ಗಂಟೆ ಹತ್ತು ನಿಮಿಷ

ಕಾಲಿನ ಊತ ಇನ್ನೂ ಇಳಿದಿಲ್ಲ. ಇಳಿದರೆ ಸಿಟ್ಟೂ ಇಳಿದೀತು, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಹೈದರಾಬಾದಿನಲ್ಲಿರುವ ಭಾವಮೈದುನ ಮಗುವಿನ ನಾಮಕರಣಕ್ಕೆ ಕರೆದ. "ರೈಲಲ್ಲಿ ಬರ್ತೀವಿ ಕಣಯ್ಯ" ಅಂದೆ. ಮಧ್ಯಾಹ್ನ ಮೈಸೂರಲ್ಲಿ ಕಾಚಿಗುಡ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿ. "ಅಯ್ಯೋ ಭಾವ, ಯಾವ ಕಾಲದಲ್ಲಿದ್ದೀರಿ? ಫ್ಲೈಟು ಒಂದು ಗಂಟೆ ಹತ್ತು ನಿಮಿಷ! ನೀವು ದೇವರಾಜ ಮಾರ್ಕೆಟ್ಟಲ್ಲಿ ಚಿಗುರೆಲೆಗೆ ಚೌಕಾಸಿ ಮಾಡೋಷ್ಟು ಹೊತ್ತೂ ಇಲ್ಲ." ಟಿಕೆಟ್ಟನ್ನೂ ಅವನೇ ಮಾಡಿಸಿದ. ಊರ ಪಕ್ಕದ ಮಂಡಕಳ್ಳಿ ವಿಮಾನ ನಿಲ್ದಾಣದಿಂದಲ್ಲ, ಸಮಯ ಹೊಂದಲಿಲ್ಲವಂತೆ, ದೇವನಹಳ್ಳಿಯಿಂದ.

ದೇವನಹಳ್ಳಿ ನಮಗೆ 180 ಕಿ.ಮೀ. ದೂರ. ಬೆಂಗಳೂರನ್ನು ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹೊರಬೀಳಬೇಕು. ಅಷ್ಟು ಹೊತ್ತಿಗೆ ಹೈದರಾಬಾದ್ ಹೆದ್ದಾರಿಯೇ ಎದುರಿಗಿರುತ್ತದೆ. ಬಸ್ಸಿನವನು ಹಾಗೇ ನೇರ ಬಿಟ್ಟಿದ್ದರೂ ಆಗುತ್ತಿತ್ತು.

ಬೆಳಗಿನ ಜಾವ 3:45ಕ್ಕೆ ಮನೆಗೆ ಬೀಗ, 4:30ಕ್ಕೆ ಬಸ್ಸು. ಮಂಡ್ಯ ದಾಟುವಾಗ ಫೋನು. ಎಳೆಮಗುವಿನ ಅಪ್ಪನಿಗೆ ನಿದ್ದೆಯಿಲ್ಲ, ಸರಿ, ನನಗೂ ಇರಬಾರದೇ? "ಎಲ್ಲಿದ್ದೀರಿ ಭಾವ? ಮಂಡ್ಯಾನಾ? ಬಂದೇಬಿಟ್ರಿ, ಇನ್ನೇನು ಒಂದು ಗಂಟೆ ಹತ್ತು ನಿಮಿಷ!"

ಮದ್ದೂರು ಬಂತೋ ಹೋಯಿತೋ ತಿಳಿಯಲಿಲ್ಲ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ. ಅಪ್ಪ ರೈಲಿನ ಕಿಟಕಿಯಿಂದ ಕೈ ಚಾಚಿ ವಡೆ ಕೊಳ್ಳುತ್ತಿದ್ದರು. ಎಣ್ಣೆ ಹೀರಿದ ಆ ಕಾಗದವನ್ನು ನಾನು ಚನ್ನಪಟ್ಟಣದವರೆಗೂ ಮೂಸುತ್ತಿದ್ದೆ. ಬೆಂಗಳೂರಿಗೆ ಎಷ್ಟು ಗಂಟೆಯ ದಾರಿ ಎಂದು ಆಗ ಕೇಳಿದ ನೆನಪೇ ಇಲ್ಲ.

ರಾಮನಗರದಲ್ಲಿ ಮತ್ತೆ ಫೋನು, ಮತ್ತೆ ಒಂದು ಗಂಟೆ ಹತ್ತು ನಿಮಿಷ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ಬೇರು ಬಿಟ್ಟು ನಿಂತಾಗಲೂ ಅದೇ. ನನ್ನವಳು ತಮ್ಮನ ಪರ: "ಪಾಪ, ಅಕ್ಕರೆಗೆ ಮಾಡ್ತಾನೆ."

ಆ ಅಕ್ಕರೆ ಸೆಕ್ಯುರಿಟಿಯಲ್ಲಿ ಉಕ್ಕಿ ಹರಿಯಿತು. ಬೆಲ್ಟು ಬಿಚ್ಚಿ, ಫೋನಿನ ಜೊತೆ ಟ್ರೇಗೆ ಹಾಕಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದು ನಿಂತಿದ್ದೆ. ಟ್ರೇ ಎಕ್ಸ್‌ರೇ ಪೆಟ್ಟಿಗೆಯೊಳಗೆ ಹೋಗುವುದಕ್ಕೂ ಅವನು ಫೋನು ಮಾಡುವುದಕ್ಕೂ ಸರಿಹೋಯಿತು. ನನ್ನ ರಿಂಗ್‌ಟೋನು ಗುಡಿಯ ಗಂಟೆ, ಜಾಗಟೆ. ಪೆಟ್ಟಿಗೆಯೊಳಗಿಂದ ಮಹಾಮಂಗಳಾರತಿ ಶುರುವಾಯಿತು. ಹಿಂದಿದ್ದ ಅಜ್ಜಿಯೊಬ್ಬರು ಕೈಮುಗಿದರು. ಸಿಬ್ಬಂದಿ "ಯಾರದ್ದು?" ಅಂದಾಗ ಎರಡೂ ಕೈ ಎತ್ತಲು ಹೋಗಿ, ಸದ್ಯ, ಒಂದನ್ನೇ ಎತ್ತಿದೆ.

ವಿಮಾನ 40 ನಿಮಿಷ ತಡ. ಟಿಕೆಟ್ಟಿನಲ್ಲಿ ಹಾಕಿರುವ ಹೊತ್ತಿನಲ್ಲಿ ಗೇಟು ಬಿಟ್ಟು ರನ್‌ವೇವರೆಗೆ ತೆವಳುವುದೂ, ಅಲ್ಲಿ ಇಳಿದಮೇಲೆ ಗೇಟಿನವರೆಗೆ ತೆವಳುವುದೂ ಸೇರಿರುತ್ತದೆ. ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆಯೋ ಏನೋ. 450 ಚಿಲ್ಲರೆ ಕಿ.ಮೀ. ಅಷ್ಟರಲ್ಲೇ ಮುಗಿಯಿತು. ಕಿಟಕಿ ಸೀಟಿನಲ್ಲಿ ಕೂತವನು ಮೋಡ ನೋಡೋಣವೆಂದು ಕಣ್ಣು ಮುಚ್ಚಿ ತೆರೆದರೆ ಶಂಶಾಬಾದ್.

ಸಾಮಾನು ಸಿಕ್ಕಾಗ ಎರಡು ಗಂಟೆ. ಹೊರಗೆ ಬಂದರೆ ಯಾರೂ ಇಲ್ಲ. ದಿನವಿಡೀ ಬಡಿದುಕೊಂಡ ಫೋನು ಈಗ ತೆಪ್ಪಗಿತ್ತು. ನಾನೇ ಮಾಡಿದೆ.

"ಎಲ್ಲಿದ್ದೀಯಯ್ಯಾ?"

"ಈಗ ಹೊರಟೆ ಭಾವ. ಮಿಯಾಪುರದಿಂದ ಬರ್ಬೇಕಲ್ಲ, ಟ್ರಾಫಿಕ್ಕು. ಹೆಚ್ಚಂದ್ರೆ..."

"ಹೇಳಬೇಡ" ಅಂದೆ.