ಕೊನೆಯ ಪ್ರಶ್ನೆಯಿಂದ ಯೋಜನೆ ಶುರುವಾಗಲಿ

ಸಮಾಜ ವಿಜ್ಞಾನದ ಪಾಠಯೋಜನೆಯಲ್ಲಿ ಚಟುವಟಿಕೆಗಳು ಹೆಚ್ಚಿರಬೇಕು ಎನ್ನುತ್ತದೆ ನಾನು ಓದಿದ ಒಂದು ಲೇಖನ. ಒಪ್ಪುವೆ, ಅರ್ಧ ಮಾತ್ರ. ಶಿಕ್ಷಕರ ತರಬೇತಿಯಲ್ಲಿ ಮೊದಲು ಬರೆಸಬೇಕಾದ್ದು ಪಾಠದ ಕೊನೆಗೆ ಕೇಳುವ ಪ್ರಶ್ನೆಯನ್ನು. ‘ವಿದ್ಯಾರ್ಥಿಗಳು ರೇಖಾಂಶವನ್ನು ತಿಳಿಯುವರು’ ಎಂಬ ಉದ್ದೇಶವನ್ನು ಅಳೆಯುವುದು ಹೇಗೆ? ಬದಲಿಗೆ ‘0 ಡಿಗ್ರಿ ರೇಖಾಂಶದಲ್ಲಿ ಮಧ್ಯಾಹ್ನ 12 ಗಂಟೆ, 75 ಡಿಗ್ರಿ ಪೂರ್ವದಲ್ಲಿ ಸ್ಥಳೀಯ ಸಮಯ ಎಷ್ಟು, ಯಾಕೆ?’ ಎಂದಿರಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಉತ್ತರ ಸಂಜೆ 5. ಬರಬಹುದಾದ ತಪ್ಪು ಉತ್ತರವನ್ನೂ ಪಕ್ಕದಲ್ಲೇ ಬರೆಸಿ: ಬೆಳಿಗ್ಗೆ 7 ಅಂದವರು ದಿಕ್ಕು ತಪ್ಪಿದ್ದಾರೆ, 5 ಅಂದೂ ಕಾರಣ ಹೇಳಲಾಗದವರು ಸೂತ್ರ ಉರು ಹೊಡೆದಿದ್ದಾರೆ. ಇಬ್ಬರಿಗೂ ಮತ್ತೆ ಭೂಮಿಯ ಮಾದರಿ ಗೋಳವೇ ಬೇಕು.

ಗೋಳ ಅಂದೆನಲ್ಲ, ಸೂರ್ಯನ ಬದಲು ಟಾರ್ಚ್ ಹಿಡಿದು ತೋರಿಸುವಾಗ ಗೋಳವನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಿಬಿಡುವ ಪ್ರಶಿಕ್ಷಣಾರ್ಥಿಗಳು ಕಡಿಮೆಯೇನಲ್ಲ. ಆಗ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ, ಮಕ್ಕಳ ಲೆಕ್ಕವೂ ಉಲ್ಟಾ! ಉತ್ತರ ಧ್ರುವದ ಮೇಲಿಂದ ನೋಡಿದರೆ ಗೋಳ ಅಪ್ರದಕ್ಷಿಣವಾಗಿ ತಿರುಗಬೇಕು.

ಇನ್ನು ಸಮಯ. 40 ನಿಮಿಷದ ಅವಧಿಯಲ್ಲಿ ಗುಂಪು ಮಾಡಿಸುವುದಕ್ಕೇ ಐದು ನಿಮಿಷ ಹೋಗುತ್ತದೆ, ಯೋಜನೆಯಲ್ಲಿ ಅದರ ಸುಳಿವೇ ಇರುವುದಿಲ್ಲ. ಗಂಟೆ ಹೊಡೆದಾಗ ಬಲಿಯಾಗುವುದು ಆ ಕೊನೆಯ ಪ್ರಶ್ನೆಯೇ. ಚಟುವಟಿಕೆ ಒಂದೇ ಸಾಕು; ಕೊನೆಯ 7 ನಿಮಿಷಕ್ಕೆ ಕೈ ಹಾಕಬೇಡಿ.