ಒಂದು ಚೀಲ ಯೂರಿಯಾಕ್ಕೆ ಮೂರು ಕೊಡ ನೀರು

ಕಳೆದ ವಾರ ಊರಿಂದ ಅಣ್ಣ ಫೋನ್ ಮಾಡಿದ್ದ. ಗೋವಿನಜೋಳ ಮೊಣಕಾಲುದ್ದ ಬಂದಿದೆ, ಮೇಲುಗೊಬ್ಬರ ಕೊಡಬೇಕು, ಯೂರಿಯಾ ಸಿಗುತ್ತಿಲ್ಲ. ಬೆಳಗ್ಗೆ ಐದಕ್ಕೇ ಹೋಗಿ ಅಂಗಡಿ ಮುಂದೆ ಪಾಳಿ ಹಚ್ಚಿದ್ದಾನೆ. ಹನ್ನೊಂದಕ್ಕೆ ಸ್ಟಾಕ್ ಮುಗಿಯಿತು ಅಂದರಂತೆ. ಮರುದಿನ ಮತ್ತೆ ನಿಂತು ತಂದದ್ದು ಎರಡು ಚೀಲ. ಬೇಕಾಗಿದ್ದು ಆರು.

ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದ. "ತಮ್ಮಾ, ನೀ ಹುಡುಗರಿಗೆ ನೀರಾಗಿಂದ ಗ್ಯಾಸ್ ತಗದು ತೋರಸ್ತಿ ಅಂತಲ್ಲ, ಅದರಾಗ ಗೊಬ್ಬರ ಏನರ ಆಕೈತೇನು?"

ಆಗುತ್ತದೆ ಅಂದೆ. ಹೇಗೆ ಅಂತ ಹೇಳುವಷ್ಟರಲ್ಲಿ ಅವನಿಗೆ ಹೊಲಕ್ಕೆ ಹೋಗುವ ಹೊತ್ತಾಗಿತ್ತು. ಅವನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಾವೇರಿಯಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಪ್ರತಿ ವರ್ಷ ಒಂದು ಗಾಜಿನ ಪಾತ್ರೆ, ಒಂದು ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿ, ಒಂದು ಚಿಟಿಕೆ ಅಡುಗೆ ಸೋಡಾ ಇಟ್ಟುಕೊಂಡು ನೀರನ್ನು ಒಡೆದು ತೋರಿಸುತ್ತೇನೆ. ಒಂದು ಕಡ್ಡಿಯ ಮೇಲೆ ಗುಳ್ಳೆ ಜಾಸ್ತಿ, ಇನ್ನೊಂದರ ಮೇಲೆ ಕಡಿಮೆ. ಜಾಸ್ತಿ ಬರುವುದು ಹೈಡ್ರೋಜನ್. ಮಕ್ಕಳು ಕಣ್ಣು ಪಿಳುಕಿಸದೆ ನೋಡುತ್ತಾರೆ. ಆಮೇಲೆ ಪ್ರತಿ ವರ್ಷ ಒಬ್ಬರಾದರೂ ಕೇಳೇ ಕೇಳುತ್ತಾರೆ, "ಸರ, ಇದನ್ನ ಗಾಡಿಗೆ ಹಾಕಿದ್ರ ಓಡತೈತೇನ್ರಿ?"

ಈ ಪ್ರಶ್ನೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನೀರಿನಿಂದ ಓಡುವ ಬೈಕ್ ಅಂತ ವಿಡಿಯೋಗಳು ಬರುತ್ತಲೇ ಇರುತ್ತವೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಅಂಥದ್ದೇ ಒಂದು ಕಿಟ್ ತರಿಸಿ ದುಡ್ಡು ಕಳೆದುಕೊಂಡ. ನೀರು ಇಂಧನ ಅಲ್ಲ. ಹೈಡ್ರೋಜನ್ ಸುಟ್ಟ ಮೇಲೆ ಉಳಿಯುವುದೇ ನೀರು. ಒಲೆಯೊಳಗಿನ ಬೂದಿಗೆ ಮತ್ತೆ ಬೆಂಕಿ ಹತ್ತುತ್ತದಾ? ಬೂದಿಯನ್ನು ವಾಪಸ್ ಕಟ್ಟಿಗೆ ಮಾಡಬೇಕೆಂದರೆ ಹೊರಗಿನಿಂದ ಶಕ್ತಿ ಕೊಡಬೇಕು. ಆ ಶಕ್ತಿ ಕಲ್ಲಿದ್ದಲಿನ ಕರೆಂಟಿನಿಂದ ಬಂದರೆ ಏನೂ ಗಿಟ್ಟುವುದಿಲ್ಲ. ಬಿಸಿಲಿನಿಂದ ಬಂದರೆ ಮಾತ್ರ ಅರ್ಥ ಇದೆ.

ಈಗ ಗೊಬ್ಬರಕ್ಕೆ ಬರುತ್ತೇನೆ. ಯೂರಿಯಾ ಮಾಡಲು ಅಮೋನಿಯಾ ಬೇಕು. ಅಮೋನಿಯಾ ಮಾಡಲು ಗಾಳಿಯ ನೈಟ್ರೋಜನ್ ಮತ್ತು ಹೈಡ್ರೋಜನ್ ಬೇಕು. ಗಾಳಿ ಎಲ್ಲ ಕಡೆ ಇದೆ. ಹೈಡ್ರೋಜನ್ ಮಾತ್ರ ಇವತ್ತು ನೈಸರ್ಗಿಕ ಅನಿಲದಿಂದ ಬರುತ್ತದೆ. ಆ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಸಾಲದ್ದಕ್ಕೆ ಯೂರಿಯಾವನ್ನೂ ಆಮದು ಮಾಡಿಕೊಳ್ಳುತ್ತೇವೆ. ಎಲ್ಲೋ ಸಮುದ್ರದಾಚೆ ಯುದ್ಧ ಆದರೆ ಹಾವೇರಿಯ ಅಂಗಡಿ ಮುಂದೆ ಪಾಳಿ ಉದ್ದ ಆಗುತ್ತದೆ. 2008ರ ಜೂನ್‌ನಲ್ಲಿ ಇದೇ ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಯಿತು. ಗೊಬ್ಬರ ಕೇಳಿ ರೈತರು ಜೀವ ಕಳೆದುಕೊಂಡ ಊರು ಇದು. ಹಾಗಾಗಿ ಹೈಡ್ರೋಜನ್ ಅಂದಾಗ ನನಗೆ ಕಾರು, ಬಸ್ಸು ನೆನಪಾಗುವುದಿಲ್ಲ.

ಒಂದು ಲೆಕ್ಕ ಹಾಕಿದೆ. 45 ಕೆಜಿ ಯೂರಿಯಾ ಚೀಲಕ್ಕೆ ಬೇಕಾದ ಹೈಡ್ರೋಜನ್ 4.5 ಕೆಜಿ. ಒಂದು ಕೆಜಿ ಹೈಡ್ರೋಜನ್ನಿಗೆ ಸುಮಾರು 9 ಲೀಟರ್ ನೀರು ಒಡೆಯಬೇಕು. ಅಂದರೆ ಒಂದು ಚೀಲಕ್ಕೆ 40 ಲೀಟರ್, ಹೆಚ್ಚೂಕಡಿಮೆ ಮೂರು ಕೊಡ. ಗದಗಿನ ಗೆಳೆಯರು ಈಗಲೇ ಸಿಟ್ಟಾಗಬಹುದು, ಕುಡಿಯೋಕೇ ನೀರಿಲ್ಲ, ನೀನು ಗ್ಯಾಸ್ ಮಾಡೋಕೆ ಹೊರಟಿದ್ದೀಯಾ ಅಂತ. ನೀರಿಗಾಗಿ ನರಗುಂದದಲ್ಲಿ ಜನ ವರ್ಷಗಟ್ಟಲೆ ಧರಣಿ ಕೂತದ್ದು ನನಗೂ ಗೊತ್ತು. ಆದರೆ ನೀರು ಶುದ್ಧ ಮಾಡುವುದು, ಮಶೀನು ತಂಪು ಮಾಡುವುದು ಎಲ್ಲ ಸೇರಿಸಿ ಮೂರು ಪಟ್ಟು ಹಿಡಿದರೂ ಚೀಲಕ್ಕೆ 120 ಲೀಟರ್ ಆಗುತ್ತದೆ. ಒಂದು ಎಕರೆ ಗೋವಿನಜೋಳ ಒಂದು ಹಂಗಾಮಿನಲ್ಲಿ ಕುಡಿಯುವುದು 20 ಲಕ್ಷ ಲೀಟರಿನ ಆಸುಪಾಸು. ತೊಡಕು ನೀರಿನದಲ್ಲ. ಬಿಸಿಲಿನದೂ ಅಲ್ಲ, ಅದು ನಮ್ಮಲ್ಲಿ ಬೇಕಾದಷ್ಟಿದೆ. ಬಿಸಿಲನ್ನೂ ನೀರನ್ನೂ ಕೂಡಿಸುವ ವಸ್ತುವಿನದು. ಅದೇ ವೇಗವರ್ಧಕ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಬೇಗ ಮಾಡಿಸುವ ವಸ್ತು.

1967ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಫುಜಿಶಿಮಾ ಎಂಬ ವಿದ್ಯಾರ್ಥಿ ನೀರಿನಲ್ಲಿಟ್ಟ ಟೈಟಾನಿಯಂ ಡೈಆಕ್ಸೈಡ್ ಹರಳಿನ ಮೇಲೆ ಬೆಳಕು ಬಿಟ್ಟ. ಗುಳ್ಳೆ ಎದ್ದವು. ಗುರು ಹೋಂಡಾ ಜೊತೆ 1972ರಲ್ಲಿ ಅದನ್ನು ಪ್ರಕಟಿಸಿದ. ಇದು ಗೋಡೆಗೆ ಹಚ್ಚುವ ಬಿಳಿ ಬಣ್ಣದಲ್ಲಿರುವ ಅದೇ ಪುಡಿ. ಬೆಳಕು ಬಿದ್ದಾಗ ಪುಡಿಯೊಳಗೆ ಒಂದು ಎಲೆಕ್ಟ್ರಾನ್ ಜಿಗಿಯುತ್ತದೆ. ಜಿಗಿದದ್ದು ಹೈಡ್ರೋಜನ್ ಬಿಡಿಸುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಆಕ್ಸಿಜನ್ ಬಿಡಿಸುತ್ತದೆ. ಕೇಳಲು ಸರಳ. ಆದರೆ ಜಿಗಿದ ಎಲೆಕ್ಟ್ರಾನ್ ಕೆಲಸ ಮಾಡುವ ಮೊದಲೇ ವಾಪಸ್ ಬಂದು ಅದೇ ಜಾಗದಲ್ಲಿ ಕೂತುಬಿಡುತ್ತದೆ. ಜೊತೆಗೆ ಈ ಬಿಳಿ ಪುಡಿಗೆ ಬೇಕಾಗುವುದು ಅಲ್ಟ್ರಾವಯಲೆಟ್ ಕಿರಣ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ಉಳಿದ ಬಿಸಿಲೆಲ್ಲ ದಂಡ.

ಬಿಸಿಲಿನಿಂದ ನೀರು ಒಡೆಯುವ ಕೆಲಸವನ್ನು ಪ್ರತಿದಿನ ಮಾಡುತ್ತಿರುವುದು ಯಾರು ಗೊತ್ತಾ? ಅಣ್ಣನ ಹೊಲದ ಗೋವಿನಜೋಳದ ಎಲೆ. ಎಲೆಯೊಳಗೆ ನಾಲ್ಕು ಮ್ಯಾಂಗನೀಸ್ ಪರಮಾಣು, ಒಂದು ಕ್ಯಾಲ್ಸಿಯಂ ಪರಮಾಣು ಕೂಡಿದ ಒಂದು ಚಿಕ್ಕ ಗಂಟು ಇದೆ. ನೀರನ್ನು ಒಡೆಯುವುದು ಅದೇ. ಅದರಲ್ಲಿ ಪ್ಲಾಟಿನಂ, ಇರಿಡಿಯಂನಂಥ ದುಬಾರಿ ಲೋಹ ಇಲ್ಲ. ಬಿಸಿಲಿಗೆ ಆ ಗಂಟನ್ನು ಹಿಡಿದಿರುವ ಪ್ರೋಟೀನ್ ಹಾಳಾದರೆ ಎಲೆ ಅದನ್ನು ತೆಗೆದು ಹೊಸದು ಕೂಡಿಸಿಕೊಳ್ಳುತ್ತದೆ. ನಾವು ಮಾಡಿದ ಪುಡಿಗೆ ಆ ಗುಣ ಇಲ್ಲ, ಹಾಳಾದರೆ ಹಾಳಾಯಿತು. ಪಾಠ ಮಾಡುವಾಗ ಪ್ರತಿ ಸಲ ಈ ಜಾಗಕ್ಕೆ ಬಂದು ನಿಂತುಬಿಡುತ್ತೇನೆ. ನೀರು ಒಡೆಯಲು ಬಲ್ಲ ಗಿಡಕ್ಕೆ ನಾವು ಹಡಗಿನಲ್ಲಿ ಬಂದ ಗ್ಯಾಸಿನ ಗೊಬ್ಬರ ಹಾಕುತ್ತಿದ್ದೇವೆ.

2021ರಲ್ಲಿ ಜಪಾನಿನ ವಿಜ್ಞಾನಿ ಡೊಮೆನ್ ಅವರ ತಂಡ 100 ಚದರ ಮೀಟರ್ ಜಾಗದಲ್ಲಿ ಇಂಥ ಪುಡಿಯ ಹಲಗೆಗಳನ್ನು ಬಯಲಲ್ಲಿ ಜೋಡಿಸಿದ ವರದಿ ಕೊಟ್ಟಿತು. 100 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗುಂಟೆ! ಬಿದ್ದ ಬಿಸಿಲಿನ ಶಕ್ತಿಯಲ್ಲಿ ಹೆಚ್ಚೆಂದರೆ 0.76 ಶೇಕಡಾ ಹೈಡ್ರೋಜನ್ ಆಯಿತು. ಆ ಗುಂಟೆಯನ್ನು ನಮ್ಮ ಬಿಸಿಲಿಗೆ ತಂದಿಟ್ಟರೆ ಒಂದು ಚೀಲದ ಹೈಡ್ರೋಜನ್ನಿಗೆ ಸುಮಾರು 35 ದಿನ ಬೇಕು. ಅದು 10 ಶೇಕಡಾ ಮುಟ್ಟಿದರೆ ಮೂರು ದಿನ ಸಾಕು. ಅಮೆರಿಕದ ಮಿಷಿಗನ್‌ನಲ್ಲಿ 2023ರಲ್ಲಿ 9.2 ಶೇಕಡಾ ಮುಟ್ಟಿದ್ದಾರೆ. ಆದರೆ ಅದು ಚಿಕ್ಕ ತುಣುಕು, ಬೆಳಕನ್ನು ಒಂದೆಡೆ ಕೇಂದ್ರೀಕರಿಸಿ ಮಾಡಿದ್ದು.

ಇವತ್ತಿನ ಮಟ್ಟಿಗೆ ಸೋಲಾರ್ ಪ್ಯಾನಲ್ ಹಾಕಿ ಆ ಕರೆಂಟಿನಿಂದ ನೀರು ಒಡೆಯುವುದೇ ಮೇಲು. ಅದರಲ್ಲೂ ಒಂದು ಕೆಜಿ ಹೈಡ್ರೋಜನ್ನಿಗೆ 50 ಯೂನಿಟ್ ಕರೆಂಟ್ ದಾಟುತ್ತದೆ. ಚೀಲಕ್ಕೆ 230 ಯೂನಿಟ್ ಅಂದುಕೊಳ್ಳಿ. ಚೀಲದ ಬೆಲೆ ತೆರಿಗೆ, ಬೇವಿನ ಲೇಪ ಬಿಟ್ಟು 242 ರೂಪಾಯಿ. ಸಬ್ಸಿಡಿ ಇಲ್ಲದೆ ಇದು ಗಿಟ್ಟುವುದಿಲ್ಲ, ನಿಜ. ಆದರೆ ಈಗಿನ ಯೂರಿಯಾ ಕೂಡ ಸಬ್ಸಿಡಿಯ ಮೇಲೇ ನಿಂತಿದೆ, ಅಲ್ವಾ? ಇನ್ನೊಂದು ತೊಡಕೂ ಇದೆ. ಯೂರಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು. ಈಗ ಅದು ಆ ಗ್ಯಾಸಿನಿಂದಲೇ ಸಿಗುತ್ತದೆ, ನೀರಿನ ದಾರಿಯಲ್ಲಿ ಬೇರೆ ಕಡೆಯಿಂದ ತರಬೇಕು. ಅದಕ್ಕೇ ಡಿಎಪಿಯಂಥ (ಡೈಅಮೋನಿಯಂ ಫಾಸ್ಫೇಟ್), ಅಮೋನಿಯಾ ಬೇಕಾದರೂ ಇಂಗಾಲದ ಡೈಆಕ್ಸೈಡ್ ಬೇಡದ ಗೊಬ್ಬರದಿಂದ ಶುರು ಮಾಡುವುದು ಸರಿ ಅಂತ ನನಗನಿಸುತ್ತದೆ.

ಇದು ಕನಸು ಅನ್ನುವವರಿಗೆ ಒಂದು ವಿಷಯ ಹೇಳಬೇಕು. 1960ರ ದಶಕದ ಆರಂಭದಲ್ಲೇ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರು ಒಡೆದು ಗೊಬ್ಬರ ಮಾಡುತ್ತಿದ್ದರು. ಆಮೇಲೆ ಆ ಕಾರ್ಖಾನೆ ಎಣ್ಣೆ, ಗ್ಯಾಸಿನ ದಾರಿ ಹಿಡಿಯಿತು. ನಮ್ಮ ದೇಶ ಬಿಟ್ಟುಬಂದ ದಾರಿ ಇದು.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯಂಥ ಶಕ್ತಿಯಿಂದ ಮಾಡಿದ ಹೈಡ್ರೋಜನ್) ಮಿಷನ್‌ಗೆ 19,744 ಕೋಟಿ ರೂಪಾಯಿ ಇಟ್ಟಿದೆ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಆ ಹೈಡ್ರೋಜನ್ನಿನ ಮೊದಲ ಪಾಲು ಗೊಬ್ಬರಕ್ಕೆ ಹೋಗಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೈಕು, ಕಾರಿಗೆ ಬ್ಯಾಟರಿ ಇದೆ. ಅಮೋನಿಯಾಕ್ಕೆ ಹೈಡ್ರೋಜನ್ ಬಿಟ್ಟು ಬೇರೆ ದಾರಿ ಇಲ್ಲ.

ಇನ್ನೊಂದು ಆಸೆ ಚಿಕ್ಕದು. ಧಾರವಾಡದಲ್ಲಿ ಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ. ಮೂವರೂ ಕೂಡಿ ಒಂದೇ ಒಂದು ಗುಂಟೆ ಜಾಗದಲ್ಲಿ ಇಂಥ ಹಲಗೆ ಹಾಕಿ ನೋಡಲಿ. ನಮ್ಮ ಎರೆಮಣ್ಣಿನ ಧೂಳು ಕೂತಾಗ ಏನಾಗುತ್ತದೆ? ಆಷಾಢದ ಮೋಡದಲ್ಲಿ ಎಷ್ಟು ಗ್ಯಾಸ್ ಬರುತ್ತದೆ? ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಪುಡಿ ಎಷ್ಟು ದಿನ ತಡೆಯುತ್ತದೆ? ಈ ಪ್ರಶ್ನೆಗಳಿಗೆ ಜಪಾನಿನಲ್ಲಿ ಉತ್ತರ ಸಿಗುವುದಿಲ್ಲ. ಇಲ್ಲೇ ಹುಡುಕಬೇಕು. ನನ್ನ ಕ್ಲಾಸಿನಲ್ಲಿ ಗುಳ್ಳೆ ಎಣಿಸುವ ಮಕ್ಕಳು ನಾಳೆ ಅದನ್ನು ಹುಡುಕಲಿ.

ನಿನ್ನೆ ರಾತ್ರಿ ಅಣ್ಣನಿಗೆ ಮತ್ತೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸುಮ್ನೆ ಕೇಳಿಸಿಕೊಂಡ. ಮೂರು ಕೊಡ ನೀರಿನ ಲೆಕ್ಕ ಎರಡು ಸಲ ಹೇಳಿಸಿಕೊಂಡ. ಆಮೇಲೆ ಅಂದ, "ಗುಂಟೆ ಜಾಗಾ ಬೇಕಂದ್ರ ನಮ್ಮ ಹೊಲದಾಗ ತಗೋರಿ ಅನ್ನು. ಒಡ್ಡಿನ ಕಡೆ ಕಲ್ಲು ಭೂಮಿ ಐತಲ್ಲ, ದಿನಾ ಪೂರ್ತಿ ಬಿಸಿಲು ಬೀಳತೈತಿ ಅಲ್ಲಿ."