ಕೋಳಿ ಯಾರದ್ದು, ಅಂಕ ಯಾರದ್ದು?

ಭಾನುವಾರ ಬೆಳಿಗ್ಗೆ ನಮ್ಮನೆ ಟೀವಿ ರಿಮೋಟು ಮಗನ ಕೈಯಲ್ಲಿರುತ್ತದೆ. ಲಾಸ್ ವೇಗಸ್‌ನಲ್ಲಿ ಶನಿವಾರ ರಾತ್ರಿ ಅಂದರೆ ನಮಗಿಲ್ಲಿ ಭಾನುವಾರ ಬೆಳಿಗ್ಗೆ, ಹಾಗಾಗಿ ಸರಿಯಾಗಿ ನೀರುದೋಸೆ ಹೊತ್ತಿಗೆ ಎಂಟು ಮೂಲೆಯ ಬಲೆಯೊಳಗೆ ಇಬ್ಬರು ಒಬ್ಬರ ಮೂತಿಯನ್ನು ಇನ್ನೊಬ್ಬರು ಜಜ್ಜುತ್ತಿರುತ್ತಾರೆ. ಯುಎಫ್‌ಸಿ ಅಂತ ಅದರ ಹೆಸರು, ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್; ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟ. ಊರಿಂದ ಬಂದಿದ್ದ ಮಾವ ಚಟ್ನಿಗೆ ಅದ್ದಿದ ದೋಸೆ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಐದು ನಿಮಿಷ ನೋಡಿದರು.

"ಎಂತ ಮಾರಾಯ, ಇದು ಕೋಳಿ ಅಂಕವೇ ಅಲ್ವಾ? ನಮ್ಮಲ್ಲಿ ಇದಕ್ಕೆ ಪೊಲೀಸರು ಬಂದು ಹುಂಜ ಸಮೇತ ಎತ್ತಿಕೊಂಡು ಹೋಗ್ತಾರೆ."

ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಮಾವನಿಗಿಂತ ಮೊದಲೇ ಇದನ್ನು ಹೇಳಿಯಾಗಿತ್ತು. ಇದು ಮನುಷ್ಯರ ಕೋಳಿ ಅಂಕ, ನಿಲ್ಲಿಸಿ ಅಂತ 1996ರಲ್ಲಿ ಐವತ್ತು ರಾಜ್ಯಗಳ ಗವರ್ನರ್‌ಗಳಿಗೂ ಪತ್ರ ಬರೆದಿದ್ದರು. ತಪ್ಪೇನೂ ಹೇಳಿರಲಿಲ್ಲ ಬಿಡಿ. 1993ರ ನವೆಂಬರಿನಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲೇ ಒಬ್ಬ ಸುಮೋ ಪೈಲ್ವಾನನ ಬಾಯಿಗೆ ಎದುರಾಳಿ ಒದ್ದ ಹೊಡೆತಕ್ಕೆ ಹಲ್ಲು ಹಾರಿತ್ತು. ಅರ್ಧ ನಿಮಿಷದಲ್ಲಿ ಆಟ ಮುಗಿಯಿತು. ಒದ್ದವನ ಕಾಲಲ್ಲಿ ಹಲ್ಲಿನ ಚೂರು ಸಿಕ್ಕಿಕೊಂಡಿತ್ತು, ಅವನು ಅದರಲ್ಲೇ ಫೈನಲ್ ತನಕ ಆಡಿದ. ಹುಂಜದ ಕಾಲಿಗೆ ಬಾಳು ಅಂತ ಚೂರಿ ಕಟ್ಟುತ್ತಾರಲ್ಲ, ಇಲ್ಲಿ ಎದುರಾಳಿಯ ಹಲ್ಲೇ ಬಾಳು.

ಆಮೇಲೆ ಒಂದೊಂದೇ ರಾಜ್ಯ ಬಾಗಿಲು ಹಾಕಿತು, ಕೇಬಲ್ಲಿನವರು ದೂರ ಮಾಡಿದರು. ಮುಗಿಯಿತು ಅಂದುಕೊಂಡಿರಾ? ಇಲ್ಲ. ಸರಿಯಾದ ಯಜಮಾನ ಸಿಕ್ಕಿರಲಿಲ್ಲ, ಅಷ್ಟೇ.

"ಅಂಕ ಮಾಡಿಸುವವ ಯಾರು?" ಅಂತ ಮಾವ ಕೇಳಿದರು. ಈಗ ಯಜಮಾನರು ಬೇರೆ. ಆದರೆ ಈ ಹುಂಜವನ್ನು ಇಷ್ಟು ಕೊಬ್ಬಿಸಿದ ಪುಣ್ಯಾತ್ಮನ ಹೆಸರು ಲೊರೆಂಜೊ ಫೆರ್ಟಿಟಾ. ಅವರ ಕಥೆ ಹೇಳಬೇಕೆಂದರೆ ಅಪ್ಪನಿಂದ ಶುರು ಮಾಡಬೇಕು, ಯಾಕೆಂದರೆ ಆ ಅಪ್ಪನ ಐಡಿಯಾ ಅಂಥಿಂಥದ್ದಲ್ಲ.

ಅಪ್ಪ ಫ್ರಾಂಕ್ ಫೆರ್ಟಿಟಾ ವೇಗಸ್‌ನ ಕ್ಯಾಸಿನೊಗಳಲ್ಲಿ ಇಸ್ಪೀಟು ಎಲೆ ಹಂಚುತ್ತಿದ್ದವರು. ದೊಡ್ಡ ಬೀದಿಯಲ್ಲಿರುವ ಕ್ಯಾಸಿನೊಗಳೆಲ್ಲ ಹೊರಗಿನಿಂದ ಬರುವ ಪ್ರವಾಸಿಗರ ಜೇಬಿಗೆ ಕೈ ಹಾಕುತ್ತಿದ್ದವು. ಇವರಿಗೆ ಹೊಳೆದದ್ದು ಬೇರೆ. ಆ ಕ್ಯಾಸಿನೊಗಳಲ್ಲಿ ಎಲೆ ಹಂಚುವವರು, ಲೋಟ ತೊಳೆಯುವವರು, ಹಾಸಿಗೆ ಬಟ್ಟೆ ಬದಲಿಸುವವರು ಪಾಳಿ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಪಾಪ? 1976ರಲ್ಲಿ ಅವರಿಗಾಗಿಯೇ ಒಂದು ಪುಟ್ಟ ಕ್ಯಾಸಿನೊ ತೆರೆದರು. ಹೆಸರೂ 'ದ ಕ್ಯಾಸಿನೊ'! ಅಂದರೆ ಹಗಲು ಒಂದು ಜೂಜಿನ ಮನೆಯಲ್ಲಿ ದುಡಿದದ್ದನ್ನು ರಾತ್ರಿ ಇನ್ನೊಂದು ಜೂಜಿನ ಮನೆಯಲ್ಲಿ ಇಟ್ಟು ಬರುವ ವ್ಯವಸ್ಥೆ. ಹೆಂಡದಂಗಡಿಯವನು ಪಕ್ಕದ ಹೆಂಡದಂಗಡಿಯ ಹುಡುಗರಿಗೆಂದೇ ಇನ್ನೊಂದು ಹೆಂಡದಂಗಡಿ ಇಟ್ಟ ಹಾಗೆ. ಇದೇ ಬೆಳೆದು ಸ್ಟೇಷನ್ ಕ್ಯಾಸಿನೋಸ್ ಆಯಿತು.

ಇಂಥ ಮನೆಯಲ್ಲಿ ಬೆಳೆದ ಲೊರೆಂಜೊರನ್ನು ನೆವಾಡ ರಾಜ್ಯ 1996ರಲ್ಲಿ ಕರೆದು ತನ್ನ ಅಥ್ಲೆಟಿಕ್ ಕಮಿಷನ್‌ನಲ್ಲಿ ಕೂರಿಸಿತು. ಯಾವ ಹೊಡೆದಾಟ ಕ್ರೀಡೆ, ಯಾವುದು ಕೊಲೆಗಡುಕತನ ಎಂದು ತೀರ್ಮಾನ ಮಾಡುವ ಕುರ್ಚಿ ಅದು. ಮರುವರ್ಷವೇ ಬಾಕ್ಸರ್ ಮೈಕ್ ಟೈಸನ್ ಎದುರಾಳಿ ಹೋಲಿಫೀಲ್ಡ್ ಕಿವಿ ಕಚ್ಚಿ ತುಂಡು ಮಾಡಿದಾಗ ಲೈಸೆನ್ಸ್ ಕಿತ್ತುಕೊಂಡು 30 ಲಕ್ಷ ಡಾಲರ್ ದಂಡ ಹಾಕಿದ್ದು ಇದೇ ಕಮಿಷನ್. ಕಿವಿ ಕಚ್ಚಬಾರದು, ತಪ್ಪು. ಸರಿ.

2000ದಲ್ಲಿ ಲೊರೆಂಜೊ ಆ ಕುರ್ಚಿ ಬಿಟ್ಟರು. 2001ರ ಜನವರಿಯಲ್ಲಿ ಅಣ್ಣ ಫ್ರಾಂಕ್ (ಅಪ್ಪನ ಹೆಸರೇ ಅಣ್ಣನಿಗೂ) ಜೊತೆ ಸೇರಿ ಯುಎಫ್‌ಸಿಯನ್ನೇ ಕೊಂಡರು, 20 ಲಕ್ಷ ಡಾಲರಿಗೆ. ಟೈಸನ್‌ಗೆ ಹಾಕಿದ ದಂಡಕ್ಕಿಂತ ಕಮ್ಮಿ ದುಡ್ಡು! ಅದೇ ಜುಲೈನಲ್ಲಿ ನೆವಾಡ ಈ ಆಟಕ್ಕೆ ಅನುಮತಿ ಕೊಟ್ಟಿತು, ಸೆಪ್ಟೆಂಬರಿನಲ್ಲಿ ವೇಗಸ್‌ನಲ್ಲೇ ಬಲೆ ಕಟ್ಟಿಯಾಯಿತು. ನಿಯಮ ಬಂದಿತ್ತು, ತೂಕದ ವರ್ಗ ಬಂದಿತ್ತು, ಡಾಕ್ಟರು ಬಂದಿದ್ದರು ಅನ್ನುತ್ತಾರೆ. ನಿಜವೇ, ನಾನು ಒಪ್ಪುತ್ತೇನೆ, ಕಾನೂನಿನ ಪ್ರಕಾರ ಎಲ್ಲ ಸರಿ ಇದೆ. ಆದರೂ ನಮ್ಮೂರಲ್ಲಿ ಎಸ್ಸೈ ಸಾಹೇಬರು ರಾಜೀನಾಮೆ ಕೊಟ್ಟು ಅಂಕದ ಕಳಕ್ಕೆ ಶಾಮಿಯಾನ ಹಾಕಿಸಿದರೆ ನಾವು ಸುಮ್ನೆ ಇರುತ್ತೇವಾ? ಕಟ್ಟೆ ಮೇಲೆ ಕೂತು ನಾಲ್ಕು ಮಾತಾದರೂ ಆಡುತ್ತೇವೆ. ಅಲ್ಲಿ ಅದನ್ನು ಕೆರಿಯರ್ ಅನ್ನುತ್ತಾರೆ.

ಇಷ್ಟರ ಮಧ್ಯೆ ಮೆಕೇನ್ ಕಡೆಯದ್ದೂ ಒಂದು ಉಪಕಥೆ ಇದೆ. ಅವರ ಹೆಂಡತಿ ಮನೆಯವರದ್ದು ಬಡ್‌ವೈಸರ್ ಬಿಯರ್ ಹಂಚುವ ವ್ಯಾಪಾರ. 2008ರಲ್ಲಿ ಯುಎಫ್‌ಸಿಗೆ ಪ್ರಾಯೋಜಕರಾಗಿ ಬಂದದ್ದು ಯಾರು ಅಂತೀರಿ? ಬಡ್‌ವೈಸರ್ ಮಾಡುವ ಕಂಪನಿಯದ್ದೇ ಬಡ್ ಲೈಟ್. ಕೋಳಿ ಅಂಕದ ಪಕ್ಕದಲ್ಲಿ ಗಡಂಗು ಇಲ್ಲದಿದ್ದರೆ ಹೇಗೆ ಹೇಳಿ.

ಮೊದಲಿಗೆ ದುಡ್ಡು ನೀರಿನ ಹಾಗೆ ಹೋಯಿತು, 3 ಕೋಟಿ ಡಾಲರ್‌ಗಿಂತ ಜಾಸ್ತಿ. ಮಾರಿಬಿಡೋಣ ಅಂತ ಲೊರೆಂಜೊ ಒಂದು ದಿನ ಯುಎಫ್‌ಸಿ ನಡೆಸುತ್ತಿದ್ದ ಹೈಸ್ಕೂಲ್ ಗೆಳೆಯ ಡಾನಾ ವೈಟ್‌ಗೆ ಹೇಳಿದ್ದೂ ಉಂಟು. ಆಮೇಲೆ ಮನಸ್ಸು ಬದಲಾಯಿಸಿ ಕೈಯಿಂದ ಇನ್ನೂ 1 ಕೋಟಿ ಡಾಲರ್ ಹಾಕಿ ರಿಯಾಲಿಟಿ ಶೋ ಮಾಡಿದರು. 2005ರ ಏಪ್ರಿಲಿನಲ್ಲಿ ಅದರ ಫೈನಲ್‌ನಲ್ಲಿ ಫಾರೆಸ್ಟ್ ಗ್ರಿಫಿನ್, ಸ್ಟೀಫನ್ ಬಾನರ್ ಅಂತ ಇಬ್ಬರು ಮೂರು ಸುತ್ತು ರಕ್ತ ಬರುವ ಹಾಗೆ ಬಡಿದಾಡಿಕೊಂಡರು. ಟೀವಿಯವರು ಅವತ್ತೇ ಹಿಂದಿನ ಗಲ್ಲಿಯಲ್ಲಿ ನಿಂತು ಮುಂದಿನ ಸೀಸನ್ ಕುದುರಿಸಿದರಂತೆ. ಒಳಗೆ ಮೂಗಿಗೆ ಹತ್ತಿ, ಹೊರಗೆ ಕೈಗೆ ಕೈ.

ಅಲ್ಲಿಂದ ಯುಎಫ್‌ಸಿ ಮೇಲೇರಿತು. ಮನೆಯ ಕ್ಯಾಸಿನೊ ಮಾತ್ರ ಜಾರಿತು. 2007ರಲ್ಲಿ ಭಾರೀ ಸಾಲ ಮಾಡಿ ಷೇರುಪೇಟೆಯಿಂದ ಕಂಪನಿಯನ್ನು ವಾಪಸ್ ಕೊಂಡಿದ್ದರು, ಬೆನ್ನಿಗೇ ವೇಗಸ್ ಕುಸಿದು 2009ರಲ್ಲಿ ದಿವಾಳಿ ಅರ್ಜಿ. ಸಾಲ 500 ಕೋಟಿ ಡಾಲರ್‌ಗಿಂತ ಜಾಸ್ತಿ. ನಾನಾದರೆ ಒಂದು ಬೈಕಿನ ಕಂತು ತಪ್ಪಿಸಿದ್ದಕ್ಕೆ ದಿನಕ್ಕೆ ಏಳು ಫೋನು ಬಂದಿದ್ದವು. ಇವರು 2011ರಲ್ಲಿ ದಿವಾಳಿಯಿಂದ ಹೊರಗೆ ಬಂದಾಗ ದೊಡ್ಡ ಪಾಲು ಮತ್ತೆ ಇವರ ಕೈಯಲ್ಲೇ, ಕೀಲಿಕೈಯೂ ಇವರದ್ದೇ. ಜೂಜಿನ ಮನೆ ಎಂದೂ ಸೋಲುವುದಿಲ್ಲ ಅಂತಾರಲ್ಲ, ಸೋತರೂ ಮನೆಯವರು ಮನೆಯಲ್ಲೇ ಇರುತ್ತಾರೆ.

ಈ ಕಥೆಯಲ್ಲಿ ಇವರಿಗೆ ಸರಿಯಾಗಿ ಅಡ್ಡಗಾಲು ಹಾಕಿದ್ದು ಯಾವ ಸೆನೆಟರೂ ಅಲ್ಲ, ವೇಗಸ್‌ನ ಅಡುಗೆಯವರು ಮತ್ತು ಹೋಟೆಲ್ ಕೆಲಸದವರ ಯೂನಿಯನ್. ಸ್ಟೇಷನ್ ಕ್ಯಾಸಿನೊಗಳಲ್ಲಿ ಯೂನಿಯನ್ ಬರಲಿಲ್ಲ ಎಂಬ ಸಿಟ್ಟಿಗೆ ಅವರು ದೂರದ ನ್ಯೂಯಾರ್ಕಿನವರೆಗೆ ಹೋಗಿ ಶಾಸಕರ ಕಿವಿ ಊದಿ, ಅಲ್ಲಿ ಈ ಆಟಕ್ಕಿದ್ದ 1997ರ ನಿಷೇಧ ವರ್ಷಗಟ್ಟಲೆ ತೆರವಾಗದ ಹಾಗೆ ನೋಡಿಕೊಂಡರು. ಹಾಸಿಗೆ ಬಟ್ಟೆ ಬದಲಿಸುವವರ ಜಗಳ ಹೋಗಿ ನ್ಯೂಯಾರ್ಕಿನ ಹೆಸರಾಂತ ಒಳಾಂಗಣ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಾಗಿಲಿಗೆ ಬೀಗವಾಯಿತು. ಆ ಬೀಗ ತೆಗೆದದ್ದು 2016ರಲ್ಲಿ. ಅಲ್ಲಿ ಮೊದಲ ಯುಎಫ್‌ಸಿ ನಡೆದದ್ದು ಆ ವರ್ಷ ನವೆಂಬರ್ 12ಕ್ಕೆ, ಡೆನ್ವರ್‌ನಲ್ಲಿ ಹಲ್ಲು ಹಾರಿ ಸರಿಯಾಗಿ 23 ವರ್ಷಕ್ಕೆ. ಅಷ್ಟರಲ್ಲಿ ಅಣ್ಣತಮ್ಮಂದಿರು ಜುಲೈನಲ್ಲೇ ಯುಎಫ್‌ಸಿಯನ್ನು ಸುಮಾರು 400 ಕೋಟಿ ಡಾಲರಿಗೆ ಮಾರಿಯಾಗಿತ್ತು.

20 ಲಕ್ಷ ಕೊಟ್ಟು 400 ಕೋಟಿ. ಎರಡು ಸಾವಿರ ಪಟ್ಟು. ಮಾವ ಬೆರಳು ಮಡಿಚಲು ಹೋಗಿ ಬಿಟ್ಟುಬಿಟ್ಟರು.

"ಹುಂಜಕ್ಕೆಷ್ಟು?" ಅಂದರು.

ಅದು ಕೇಳಬೇಕಾದ ಪ್ರಶ್ನೆಯೇ. ಬಾಸ್ಕೆಟ್‌ಬಾಲ್‌ನ ಎನ್‌ಬಿಎಯಲ್ಲಿ ಆದಾಯದ ಸುಮಾರು ಅರ್ಧ ಆಟಗಾರರಿಗೆ ಹೋಗುತ್ತದೆ. ಇಲ್ಲಿ ಹೊಡೆಸಿಕೊಂಡವರಿಗೆ ಸಿಗುತ್ತಿದ್ದದ್ದು ಐದರಲ್ಲೊಂದು ಪಾಲು, ಅದಕ್ಕಿಂತ ಕಮ್ಮಿಯೂ ಇರಬಹುದು ಅನ್ನುವ ಲೆಕ್ಕ ಹೊರಗೆ ಬಂದದ್ದು ಕೋರ್ಟಿನಲ್ಲಿ. 2014ರಲ್ಲಿ ಕೆಲವು ಫೈಟರ್‌ಗಳು ಕೇಸು ಹಾಕಿದ್ದರು. ಕಂಪನಿ ತಪ್ಪೇ ಮಾಡಿಲ್ಲ ಅಂತ ವಾದಿಸುತ್ತಲೇ 37.5 ಕೋಟಿ ಡಾಲರ್ ರಾಜಿಗೆ ಒಪ್ಪಿತು. ಕೋರ್ಟಿನ ಕೊನೆಯ ಮುದ್ರೆ ಬಿದ್ದದ್ದು 2025ರಲ್ಲಿ, ಹತ್ತು ವರ್ಷ ದಾಟಿದ ಮೇಲೆ. ಬಲೆಯೊಳಗೆ ಐದೈದು ನಿಮಿಷದ ಸುತ್ತು, ಕೋರ್ಟಿನಲ್ಲಿ ಹಾಗಿಲ್ಲ.

ನಮ್ಮ ಅಂಕದಲ್ಲಿ ಸೋತ ಹುಂಜ ಗೆದ್ದವನ ಮನೆಯ ಸಾರಿಗೆ ಹೋಗುತ್ತದೆ, ಗೆದ್ದದ್ದು ಮುಂದಿನ ವಾರದ ಅಂಕಕ್ಕೆ. ಲೆಕ್ಕ ಅಷ್ಟೇನೂ ಬೇರೆ ಅಲ್ಲ ಅಂತ ಮಾವನ ಅಭಿಪ್ರಾಯ.

ಕೊನೆಗೆ ನಾನು ಇನ್ನೊಂದು ಸಂಗತಿ ಹೇಳಿದೆ, ಇದು ತಮಾಷೆ ಅಲ್ಲ, ಕರಾರಿನಲ್ಲಿ ಬರೆದದ್ದು. ಯುಎಫ್‌ಸಿ ಕೈಯಲ್ಲಿದ್ದಾಗ ಅಣ್ಣತಮ್ಮಂದಿರಿಗೆ ಅದರಲ್ಲಿ ಸಮಪಾಲು. ಭಿನ್ನಾಭಿಪ್ರಾಯ ಬಂದು ಮಾತು ಮುಂದೆ ಹೋಗದಿದ್ದರೆ ಏನು ಮಾಡುವುದು? ಇಬ್ಬರೂ ಜಿಯು ಜಿಟ್ಸು ಕುಸ್ತಿ ಆಡಬೇಕು, ಡಾನಾ ವೈಟ್ ರೆಫ್ರಿ, ಗೆದ್ದವನ ಮಾತೇ ನಡೆಯಬೇಕು. ವಕೀಲರು ಕೂತು ಬರೆದು, ಸಹಿ ಹಾಕಿದ ಕಾಗದ ಅದು.

ಮಾವನ ಮುಖ ಅರಳಿತು. "ಅದು ಯಾವ ಚಾನೆಲ್ಲಿನಲ್ಲಿ ಬಂತು?"

"ಅದೊಂದು ನಡೆಯಲೇ ಇಲ್ಲ ಮಾವ."

"ಛೆ," ಅಂದರು, ತಣ್ಣಗಾದ ದೋಸೆ ಬಾಯಿಗಿಟ್ಟುಕೊಳ್ಳುತ್ತಾ. "ಅದಾದರೆ ಟಿಕೆಟ್ ತಗೊಂಡೇ ನೋಡ್ತಿದ್ದೆ ಮಾರಾಯ."